ಹನ್ನೆರಡು ಹೋಟೆಲುಗಳ ಸೊಂಟನೋವು

ಆಗ ನಾನು ಫಿಸಿಯೋಥೆರಪಿಯಲ್ಲಿ ಸ್ನಾತಕೋತ್ತರ ಓದುತ್ತಿದ್ದೆ. ಮನೆ ಠಾಣೆಯ ವರ್ತಕ ನಗರದಲ್ಲಿ, ಕಾಲೇಜು ಖಾರಘರದಲ್ಲಿ. ಉಡುಪಿ ಕಡೆಯ ಅಪ್ಪ ಠಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ದಿನವಿಡೀ ಕಾವಲಿಯ ಮುಂದೆ ನಿಲ್ಲುವ ಅಡುಗೆಯವರು ಸೊಂಟ ಹಿಡಿದುಕೊಂಡು ಕೂರುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಪ್ರಬಂಧಕ್ಕೆ ಅದನ್ನೇ ಆರಿಸಿಕೊಂಡೆ. ಆರು ವಾರ ವ್ಯಾಯಾಮ ಮಾಡಿಸುವುದು, ಮೊದಲಿಗೂ ಕೊನೆಗೂ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಕೇಳುವುದು. ಇಷ್ಟೇ ಯೋಜನೆ.

ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಸರ್ ಧಾರವಾಡದವರು. ಯೋಜನೆಯನ್ನು ಓದಿ ಕೆಳಗಿಟ್ಟರು.

“ಸೊಂಟನೋವು ಎಷ್ಟೋ ಸಲ ತಾನ ಕಡಿಮಿ ಆಗತೈತಿ. ನಿನ್ನ ವ್ಯಾಯಾಮದಿಂದನ ಆತು ಅಂತ ಹೆಂಗ ಹೇಳ್ತಿ?”

ಹಾಗಾದರೆ ಏನು ಮಾಡಬೇಕು ಎಂದು ಅವರನ್ನೇ ಕೇಳಿದೆ. ವ್ಯಾಯಾಮ ಮಾಡದ ಇನ್ನೊಂದು ಗುಂಪು ಬೇಕು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿಯೇ ತೀರ್ಮಾನಿಸಬೇಕು ಎಂದರು. ಅಪ್ಪನ ಹೋಟೆಲಿನಲ್ಲೂ ಪಕ್ಕದ ಎರಡರಲ್ಲೂ ಚೀಟಿ ಎತ್ತಿಸಿ ಶುರುಮಾಡಿದೆ.

ನಾಲ್ಕನೆಯ ವಾರ, ವ್ಯಾಯಾಮವಿಲ್ಲದ ಗುಂಪಿಗೆ ಬಿದ್ದಿದ್ದ ಕುಂದಾಪುರದ ದೋಸೆಭಟ್ಟರು ನಗುನಗುತ್ತಾ ಬಂದರು.

“ಈಗ ಅಡ್ಡಿಲ್ಲ ಮೇಡಂ. ಅವ್ರ್ ಮಾಡುದ್ ಕಂಡ್ ನಾನೂ ಮಾಡ್ತಿದ್ದೆ.”

ವಿಚಾರಿಸಿದರೆ ಮೂರೂ ಅಡುಗೆಮನೆಗಳಲ್ಲಿ ಅದೇ ಕಥೆ. ಒಂದೇ ಒಲೆಯ ಸುತ್ತ ನಿಲ್ಲುವವರಲ್ಲಿ ಅರ್ಧ ಜನರಿಗೆ ಮಾತ್ರ ಕಲಿಸಿದರೆ ಉಳಿದವರು ಸುಮ್ಮನಿರುತ್ತಾರೆಯೇ? ಹೋಲಿಸಲು ವ್ಯಾಯಾಮವಿಲ್ಲದ ಗುಂಪೇ ಉಳಿದಿರಲಿಲ್ಲ. ಯಾರಿಗೆ ಗೊತ್ತಾಗುತ್ತದೆ, ಹಾಗೇ ಮುಗಿಸಿಬಿಡು ಎಂದಳು ಕಾಲೇಜಿನ ಗೆಳತಿಯೊಬ್ಬಳು. ಪ್ರಬಂಧ ಒಪ್ಪಿಸಲು ಐದೇ ತಿಂಗಳಿತ್ತು. ಆದರೂ ಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮಂದಿಗಲ್ಲ, ಹೋಟೆಲಿಗೇ ಚೀಟಿ ಎತ್ತು ಎಂದರು. ಒಂದು ಹೋಟೆಲಿನವರೆಲ್ಲ ಮಾಡುತ್ತಾರೆ, ಇನ್ನೊಂದರವರೆಲ್ಲ ಕಾಯುತ್ತಾರೆ.

ಅಂದರೆ ಮತ್ತೆ ಮೊದಲಿನಿಂದ. ಅಪ್ಪ ತಮ್ಮ ಪರಿಚಯದ ಮಾಲೀಕರಿಗೆಲ್ಲ ಫೋನ್ ಮಾಡಿಕೊಟ್ಟರು. ಮಧ್ಯಾಹ್ನದ ಊಟದ ಗಲಾಟೆ ಮುಗಿಯುವ ಹೊತ್ತಿಗೆ ಸರಿಯಾಗಿ ಡೊಂಬಿವಲಿ, ಕಲ್ಯಾಣ, ವಾಶಿ ಎಂದು ಲೋಕಲ್ ರೈಲು ಹತ್ತಿ ಇಳಿದೆ. ಕೆಲವರು ಬಾಗಿಲಲ್ಲೇ ಸಾಗಹಾಕಿದರು. ಬಿಡಲಿಲ್ಲ. ಹನ್ನೆರಡು ಹೊಸ ಹೋಟೆಲು ಸಿಕ್ಕವು; ಚೀಟಿ ಎತ್ತಿದಾಗ ಆರಕ್ಕೆ ವ್ಯಾಯಾಮ, ಆರಕ್ಕೆ ಕಾಯುವ ಸರದಿ ಬಂತು. ಕಾಯುವ ಹೋಟೆಲಿನವರಿಗೆ, ಅಧ್ಯಯನ ಮುಗಿದ ಮೇಲೆ ಬಂದು ಕಲಿಸುತ್ತೇನೆಂದು ಮಾತು ಕೊಟ್ಟೆ.

ಆರು ವಾರ ಮುಗಿದು ನೋವಿನ ಅಂಕಗಳು ಕೈಸೇರಿದಾಗ ಒಬ್ಬೊಬ್ಬರನ್ನೂ ಬಿಡಿಯಾಗಿ ಎಣಿಸಿ ಪರೀಕ್ಷಿಸಿದೆ. ಲಾಭ ಸ್ಪಷ್ಟವಾಗಿತ್ತು. ಖುಷಿಯಿಂದ ತೋರಿಸಿದೆ. ಸರ್ ಇಲ್ಲವೆಂದು ತಲೆಯಾಡಿಸಿದರು. ಒಂದೇ ಹೋಟೆಲಿನವರು ನಿಲ್ಲುವ ನೆಲ, ದುಡಿಯುವ ಹೊತ್ತು ಎಲ್ಲ ಒಂದೇ; ಅವರ ನೋವೂ ಒಂದನ್ನೊಂದು ಹೋಲುತ್ತದೆ. ಚೀಟಿ ಎತ್ತಿದ್ದು ಹೋಟೆಲಿಗಾದರೆ ಲೆಕ್ಕವೂ ಹೋಟೆಲಿನದೇ ಆಗಬೇಕು ಎಂದರು. ಪ್ರತಿ ಹೋಟೆಲಿಗೆ ಒಂದು ಸರಾಸರಿ ತೆಗೆದು ಹೋಲಿಸಿದೆ. ನೋವು ಇಳಿದದ್ದು ಕಾಣುತ್ತಿತ್ತು, ಆದರೆ ಅದು ಆಕಸ್ಮಿಕವಲ್ಲ ಎಂದು ಹೇಳುವಷ್ಟು ಬಲ ಹನ್ನೆರಡು ಹೋಟೆಲುಗಳಿಗೆ ಇರಲಿಲ್ಲ.

ಆ ದಿನ ಅತ್ತುಬಿಟ್ಟೆ. ಮರುದಿನ ಇದ್ದದ್ದನ್ನು ಇದ್ದ ಹಾಗೆಯೇ ಬರೆದೆ.

“ಹಾಗಾದ್ರೆ ಇಷ್ಟು ದಿನ ಓಡಾಡಿದ್ದು ದಂಡವಾ ಮಗಾ?” ಎಂದು ಅಪ್ಪ ಕೇಳಿದರು.

“ಇಲ್ಲಪ್ಪ. ಇನ್ನೂ ಹೆಚ್ಚು ಹೋಟೆಲು ಬೇಕು ಅಂತ ಈಗ ಗೊತ್ತಾಯ್ತಲ್ಲ.”

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಕೆಟ್ಟುಹೋದ ಮೊದಲ ಪ್ರಯತ್ನದ ಬಗ್ಗೆಯೇ. ಒಂದನ್ನೂ ಮುಚ್ಚಿಡದೆ ಹೇಳಿದೆ. ಪಾಸಾದೆ. ಮುಂದಿನ ವಾರವೇ ಕಾಯುತ್ತಿದ್ದ ಆರು ಹೋಟೆಲುಗಳಿಗೂ ಹೋಗಿ ಕಲಿಸಿಬಂದೆ. ಮರುವರ್ಷ ಜೂನಿಯರ್ ಒಬ್ಬಳು ಇದೇ ವಿಷಯ ಎತ್ತಿಕೊಂಡಾಗ, ನನ್ನನ್ನು ಬಾಗಿಲಲ್ಲೇ ಸಾಗಹಾಕಿದವರ ವಿಳಾಸಗಳನ್ನೂ ಅವಳಿಗೆ ಕೊಟ್ಟೆ.