ಜುಟ್ಟಿಗೆ ಕಟ್ಟಿದ ಕೆಂಪು ರಿಬ್ಬನ್

ಹೃಷಿಕೇಶನ ಉಪನಯನ ನಡೆದದ್ದು ೧೯೯೪ರ ಮೇ ತಿಂಗಳ ಒಂದು ಶನಿವಾರ. ಮೆಲ್ಬರ್ನಿನಲ್ಲಿ ಚಿಯರ್‌ಲೀಡಿಂಗ್ ಸ್ಪರ್ಧೆ ಇದ್ದದ್ದು ಅದರ ಮುಂದಿನ ಶನಿವಾರ. ಎರಡೂ ಹೀಗೆ ಅಕ್ಕಪಕ್ಕ ಬಂದದ್ದು ಪಂಚಾಂಗದ ಕೃಪೆ ಎಂದು ಅವನ ಅಪ್ಪ ಡಾಕ್ಟರ್ ಗೋಪೀನಾಥರು ಕಂಡವರಿಗೆಲ್ಲ ಹೇಳಿದರು. ಶುದ್ಧ ಸುಳ್ಳು. ಪಾಪ, ಪಂಚಾಂಗಕ್ಕೆ ಚಿಯರ್‌ಲೀಡಿಂಗ್ ಎಂದರೇನೆಂದೇ ಗೊತ್ತಿರಲಿಲ್ಲ. ಗೋಪೀನಾಥರಿಗೆ ಚೆನ್ನಾಗಿ ಗೊತ್ತಿತ್ತು.

ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಅವರ ಮನೆ. ಗೋಪೀನಾಥರು ಮೈಸೂರಿನಲ್ಲಿ ಓದಿ ಬಂದ ಅರಿವಳಿಕೆ ತಜ್ಞರು. ರೋಗಿಗೆ ತಿಳಿಯದಂತೆ ಅವನನ್ನು ಮಲಗಿಸುವುದು ಅವರ ಕಸುಬು, ಮನೆಯಲ್ಲೂ ಅದೇ ವಿದ್ಯೆ. “ನಾನು ಮಕ್ಕಳಿಗೆ ಯಾವತ್ತೂ ನೋ ಅಂದಿಲ್ಲ ಕಣ್ರೀ” ಎನ್ನುವುದು ಅವರ ದೊಡ್ಡ ಹೆಮ್ಮೆ. ನಿಜವೇ, ಅಂದಿರಲಿಲ್ಲ. ತಮಗೆ ಬೇಡವಾದದ್ದು ಆಗದಂತೆ ನೋಡಿಕೊಳ್ಳುತ್ತಿದ್ದರು, ಅಷ್ಟೆ. ಮಗ ಡ್ರಮ್ಸ್ ಕಲಿಯುತ್ತೇನೆ ಎಂದಾಗ “ಓ, ಶೂರ್” ಎಂದು, ಆ ಕ್ಲಾಸಿನ ಹೊತ್ತಿಗೇ ಗಣಿತದ ಟ್ಯೂಷನ್ ಗೊತ್ತುಮಾಡಿದ್ದರು. ಡ್ರಮ್ಸ್ ತಾನಾಗಿ ಸತ್ತುಹೋಯಿತು.

ಚಿಯರ್‌ಲೀಡಿಂಗ್ ಮಾತ್ರ ಅವರ ಕಣ್ಣು ತಪ್ಪಿಸಿ ಮನೆಯೊಳಗೆ ಬಂತು. ಹೃಷಿಕೇಶನಿಗೆ ಆಗ ಒಂಬತ್ತು ವರ್ಷ. ತಂಗಿ ಆರತಿಯನ್ನು ಅಮ್ಮ ಅರುಂಧತಿ ಸಬರ್ಬಿನ ಹಾಲ್‌ನಲ್ಲಿ ನಡೆಯುತ್ತಿದ್ದ, ಕುಣಿತ, ಜಿಗಿತ, ಒಬ್ಬರನ್ನೊಬ್ಬರು ಎತ್ತಿ ಗೋಪುರ ಕಟ್ಟುವುದು ಎಲ್ಲ ಕಲಿಸುವ ಆ ತರಗತಿಗೆ ಸೇರಿಸಿದ್ದರು. ಇವನು ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ. ಒಂದು ದಿನ ಯಾರೋ ಬಂದಿರಲಿಲ್ಲ. ಕೋಚ್ ಡಾನಾ, ಗಟ್ಟಿ ಗಂಟಲಿನ ಹೆಂಗಸು, ಇವನನ್ನು ಕರೆದು ಲೀಯಾನ್ ಎಂಬ ಹುಡುಗಿಯ ಪಾದವನ್ನು ಅವನ ಅಂಗೈಯಲ್ಲಿಟ್ಟಳು. ಮೇಲೆ ನಿಲ್ಲುವವಳು ಫ್ಲೈಯರ್, ಕೆಳಗೆ ನಿಂತು ಎತ್ತಿ ಹಿಡಿಯುವವನು ಬೇಸ್, ಮೇಲಿರುವವಳನ್ನು ಯಾವ ಕಾರಣಕ್ಕೂ ನೆಲಕ್ಕೆ ಬಿಡಬಾರದು ಎಂದು ಹೇಳಿಕೊಟ್ಟಳು. ಹೃಷಿಕೇಶ ಎತ್ತಿದ. ಒಂದು ಇಡೀ ಜೀವ ತನ್ನ ಕೈಮೇಲೆ ನಂಬಿ ನಿಂತಿದೆ ಎಂದು ಗೊತ್ತಾದಾಗ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆರತಿ ಎರಡು ತಿಂಗಳಿಗೆ ಬೇಸತ್ತು ಬಿಟ್ಟಳು. ಇವನು ಬಿಡಲಿಲ್ಲ.

ಶಾಲೆಯಲ್ಲಿ ಹುಡುಗರು ಕರೆದ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವನು ಜಗಳಕ್ಕೆ ಹೋಗಲಿಲ್ಲ. ಎಲ್ಲರಿಗಿಂತ ಜಾಸ್ತಿ ಹಂಗಿಸುತ್ತಿದ್ದ ರಗ್ಬಿ ಹುಡುಗನೊಬ್ಬನನ್ನು, ಬಾ, ನಿನ್ನ ತಮ್ಮನನ್ನು ತಲೆಯ ಮೇಲೆತ್ತಿ ನಿಲ್ಲಿಸು ನೋಡೋಣ ಎಂದು ಮೈದಾನಕ್ಕೆ ಕರೆದ. ರಗ್ಬಿಯವನು ತಮ್ಮನನ್ನು ಹುಲ್ಲಿನ ಮೇಲೆ ಕೆಡವಿದ, ತಮ್ಮ ಅಳುತ್ತಾ ಅಮ್ಮನ ಹತ್ತಿರ ಓಡಿದ. ಆಮೇಲೆ ಹಂಗಿಸುವುದು ನಿಲ್ಲಲಿಲ್ಲವಾದರೂ ದನಿ ಸ್ವಲ್ಪ ಇಳಿಯಿತು.

ಮನೆಯಲ್ಲಿ ಅಪ್ಪ ಅದಕ್ಕೆ ಜಿಮ್ನಾಸ್ಟಿಕ್ಸ್ ಎಂದು ನಾಮಕರಣ ಮಾಡಿಬಿಟ್ಟಿದ್ದರು. ಬಂದವರಿಗೆಲ್ಲ “ನಮ್ಮ ಹೃಷಿ ಜಿಮ್ನಾಸ್ಟಿಕ್ಸ್ ಮಾಡ್ತಾನೆ” ಎನ್ನುತ್ತಿದ್ದರು. ನಾಲ್ಕು ವರ್ಷ ಅದು ನಡೆಯಿತು. ೧೯೯೪ರ ಯುಗಾದಿಗೆ ಮುಂಚೆ ಊರಿನ ಪತ್ರಿಕೆಯಲ್ಲಿ ತಂಡದ ಫೋಟೋ ಬಂತು. ಹದಿನೈದು ಹುಡುಗಿಯರು, ನಡುವೆ ಹಲ್ಲುಬಿಟ್ಟು ನಿಂತ ಹೃಷಿಕೇಶ. ಕನ್ನಡ ಸಂಘದ ಯುಗಾದಿ ಊಟದಲ್ಲಿ ಬದರಿನಾಥ್ ಅಂಕಲ್ ಹೋಳಿಗೆ ತಟ್ಟೆ ಹಿಡಿದುಕೊಂಡೇ ಶುರುಮಾಡಿದರು.

“ಏನ್ ಡಾಕ್ಟ್ರೇ, ನಿಮ್ಮನೇಲಿ ಹೆಣ್ಮಕ್ಕಳು ಇಬ್ರು ಅಂತ ನಮಗೆ ಹೇಳ್ಲೇ ಇಲ್ವಲ್ಲ!”

ಸುತ್ತಲಿದ್ದವರು ನಕ್ಕರು. ಗೋಪೀನಾಥರೂ ನಕ್ಕರು, ಎಲ್ಲರಿಗಿಂತ ಜೋರಾಗಿ. ಹೃಷಿಕೇಶ ಹಿಂದೆಯೇ ನಿಂತಿದ್ದ. ಬದರಿನಾಥರ ಮಾತು ಅವನಿಗೆ ತಾಗಲಿಲ್ಲ, ಅಂಥದ್ದನ್ನು ಬೇಕಾದಷ್ಟು ಕೇಳಿದ್ದ. ಅಪ್ಪನ ನಗು ತಾಗಿತು.

ಅದಾದ ವಾರದಲ್ಲೇ ಉಪನಯನದ ಮಾತು ಎದ್ದಿತು. ಅಲ್ಲಿಯ ಕನ್ನಡದ ಮನೆಗಳಲ್ಲಿ ಮುಂಜಿ ಎಂದರೆ ಪುರೋಹಿತರು ಹುಡುಗನ ಕೂದಲನ್ನು ನಾಲ್ಕು ಎಳೆ ಕತ್ತರಿಸಿ ಶಾಸ್ತ್ರ ಮುಗಿಸುತ್ತಿದ್ದರು. ಸೋಮವಾರ ಹುಡುಗ ಶಾಲೆಗೆ ಹೋಗಬೇಕಲ್ಲ! ಗೋಪೀನಾಥರು ಮಾತ್ರ ಪಟ್ಟು ಹಿಡಿದರು. ತಲೆ ಪೂರ್ತಿ ಬೋಳಿಸಬೇಕು, ಹಿಂದೆ ಜುಟ್ಟು ಬಿಡಬೇಕು.

“ನಿಮ್ಮ ಜನಿವಾರ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ. ಮಗನಿಗೆ ಮಾತ್ರ ಇಷ್ಟು ಶಾಸ್ತ್ರ ಯಾಕ್ರೀ?” ಎಂದರು ಅರುಂಧತಿ.

“ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು” ಎಂದರು ಗೋಪೀನಾಥರು.

ಪುರೋಹಿತರು ಮೊದಲ ಎಳೆ ಕತ್ತರಿಸಿದರು. ಉಳಿದದ್ದನ್ನು ಬ್ಲ್ಯಾಕ್‌ಟೌನಿನಿಂದ ಕರೆಸಿದ ಇಟಾಲಿಯನ್ ಕ್ಷೌರಿಕ ಬೋಳಿಸಿದ. ಜುಟ್ಟು ಎಷ್ಟಗಲ ಬಿಡಬೇಕೆಂದು ತಿಳಿಯದೆ ಅವನು ಎರಡು ಸಲ ಕೇಳಿದ. ಗೋಪೀನಾಥರೇ ಬೆರಳಿಂದ ಗುಂಡಗೆ ಗೆರೆ ಎಳೆದು ತೋರಿಸಿದರು.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಮಗನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು: “ಮೆಲ್ಬರ್ನ್ ವಿಷಯ ನಿಂಗೇ ಬಿಟ್ಟಿದ್ದು ಪುಟ್ಟಾ. ನಾನೇನು ಬೇಡ ಅನ್ನಲ್ಲ. ಈ ತಲೇಲಿ ಅಷ್ಟು ಜನರ ಮುಂದೆ ನಿಂತ್ಕೊಳ್ಳೋಕೆ ಒಂಥರಾ ಆದ್ರೆ ಹೋಗೋದು ಬೇಡ. ಯಾರೂ ಏನೂ ಅನ್ಕೊಳ್ಳಲ್ಲ.”

ಹೃಷಿಕೇಶನ ಕೈಯಲ್ಲಿದ್ದ ಟೋಸ್ಟ್ ಹಾಗೇ ನಿಂತಿತು. ಎಲ್ಲವೂ ಒಟ್ಟಿಗೆ ಅರ್ಥವಾಯಿತು.

“ಯೂ ಡಿಡ್ ಇಟ್ ಆನ್ ಪರ್ಪಸ್” ಎಂದ.

ಗೋಪೀನಾಥರು ಕನ್ನಡಕ ತೆಗೆದು ಒರೆಸತೊಡಗಿದರು.

ಹುಡುಗ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತ. ಕನ್ನಡಿಯಲ್ಲಿ ಕಂಡ ತಲೆ ಅವನದಾಗಿರಲಿಲ್ಲ. ಹೋಗುವುದೇ ಬೇಡ ಎಂದು ನಿಜವಾಗಿಯೂ ಅನ್ನಿಸಿತು. ಆದರೆ ಅವನಿಲ್ಲದೆ ಲೀಯಾನಳನ್ನು ಎತ್ತುವವರು ಯಾರೂ ಇರಲಿಲ್ಲ. ಒಂದು ವಾರದಲ್ಲಿ ಹೊಸ ಬೇಸ್ ತಯಾರಾಗುವುದಿಲ್ಲ. ಅವನು ಮನೆಯಲ್ಲಿ ಕೂತರೆ ಇಡೀ ತಂಡ ಕೂತ ಹಾಗೆ. ಅದಕ್ಕಿಂತ ಹೆಚ್ಚಾಗಿ, ಇವತ್ತು ಅವನು ತಾನಾಗಿ ಹಿಂದೆ ಸರಿದರೆ ಅಪ್ಪ ಮುಂದೆ ಜೀವಮಾನವಿಡೀ “ನಾನು ಬೇಡ ಅನ್ನಲಿಲ್ಲ, ಅವನೇ ಬಿಟ್ಟ” ಎಂದು ಹೇಳಿಕೊಂಡು ತಿರುಗುತ್ತಾರೆ. ಆ ಮಾತನ್ನು ಅವರ ಬಾಯಲ್ಲಿ ಊಹಿಸಿಕೊಂಡೊಡನೆ ಅಳು ನಿಂತು ಸಿಟ್ಟು ನೆತ್ತಿಗೇರಿತು.

ಮಂಗಳವಾರ ಅಭ್ಯಾಸಕ್ಕೆ ಹೋಗಿ ಟೋಪಿ ತೆಗೆದ. ಹುಡುಗಿಯರು ಬಾಯಿಮೇಲೆ ಕೈಯಿಟ್ಟುಕೊಂಡರು. ಡಾನಾ ಒಂದು ಕ್ಷಣ ನೋಡಿ, ಬೇಕಾದರೆ ವಿಗ್ ತರಿಸುತ್ತೇನೆ, ಇಲ್ಲವೇ ಆ ಜುಟ್ಟನ್ನೂ ತೆಗೆದುಬಿಟ್ಟರೆ ಬರೀ ಬೋಳು ತಲೆ, ಅದು ಈಗಿನ ಫ್ಯಾಷನ್ನೇ ಎಂದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹೃಷಿಕೇಶ ಬೇಡವೆಂದು ತಲೆಯಾಡಿಸಿದ. ಮುಚ್ಚುವುದೂ ಇಲ್ಲ, ತೆಗೆಯುವುದೂ ಇಲ್ಲ. ಹುಡುಗಿಯರು ಸ್ಪರ್ಧೆಗೆ ಕಟ್ಟಿಕೊಳ್ಳುವ ಕೆಂಪು ರಿಬ್ಬನ್ನಿನ ಸುರುಳಿ ಬೆಂಚಿನ ಮೇಲಿತ್ತು. ನನಗೂ ಒಂದು ಬೇಕು ಎಂದ. ಲೀಯಾನ್ ನಗುತ್ತಾ ಬಂದು ಅಳತೆ ನೋಡಿದಳು.

ಶುಕ್ರವಾರ ತಂಡದ ಬಸ್ ಮೆಲ್ಬರ್ನಿಗೆ ಹೊರಟಿತು. ಅರುಂಧತಿ ವಿಮಾನದ ಟಿಕೆಟ್ ಬುಕ್ ಮಾಡಿ, ಗಂಡನ ಮುಂದಿಟ್ಟು, “ನೀವು ಬೇಡ ಅಂದಿಲ್ವಲ್ಲ, ಬನ್ನಿ” ಎಂದರು. ಗೋಪೀನಾಥರಿಗೆ ತಪ್ಪಿಸಿಕೊಳ್ಳಲು ದಾರಿಯೇ ಉಳಿಯಲಿಲ್ಲ.

ಶನಿವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಜನಿವಾರವನ್ನು ಅಂಗಿಯೊಳಗೆ ಪ್ಲಾಸ್ಟರಿನಿಂದ ಅಂಟಿಸಿಕೊಂಡು, ಬೋಳು ತಲೆಯ ಹಿಂದೆ ಕೆಂಪು ರಿಬ್ಬನ್ನಿನ ಹೂವು ಅರಳಿಸಿಕೊಂಡು ಹೃಷಿಕೇಶ ಮ್ಯಾಟಿನ ಮೇಲೆ ಬಂದ. ನಗು ಮುಂದಿನ ಸಾಲಿನಲ್ಲಿ ಹುಟ್ಟಿ ಹಿಂದಿನವರೆಗೂ ಹರಿಯಿತು. ಯಾರೋ ಸಿಳ್ಳೆ ಹೊಡೆದರು. ಅವನು ಬೇಕೆಂದೇ ಒಮ್ಮೆ ಬೆನ್ನು ತಿರುಗಿಸಿ ನಿಂತ. ನೋಡುವವರು ಸರಿಯಾಗಿ ನೋಡಲಿ.

ಸಂಗೀತ ಶುರುವಾಯಿತು. ಕೊನೆಯ ಗೋಪುರದಲ್ಲಿ ಲೀಯಾನ್ ಒಂಟಿಕಾಲಲ್ಲಿ ನಿಲ್ಲಬೇಕಿತ್ತು. ನಿಂತಳು, ವಾಲಿದಳು. ಬೀಳುವ ಹೊತ್ತಿಗೆ ಹೃಷಿಕೇಶ ಕೆಳಗಿದ್ದ. ಅವಳ ಮೊಣಕೈ ಅವನ ಬೋಳು ನೆತ್ತಿಗೆ ಬಡಿದು ರಕ್ತ ಚಿಮ್ಮಿತು. ಅವಳು ಅವನ ತೋಳಿನಲ್ಲಿದ್ದಳು, ನೆಲಕ್ಕೆ ತಾಗಲಿಲ್ಲ. ಕಣ್ಣಿಗೆ ಇಳಿಯುತ್ತಿದ್ದ ರಕ್ತವನ್ನು ಹಾಗೇ ಬಿಟ್ಟು ಅವಳನ್ನು ಮತ್ತೆ ಎತ್ತಿ ನಿಲ್ಲಿಸಿದ. ಹಾಲ್‌ನಲ್ಲಿ ಈಗ ನಗು ಇರಲಿಲ್ಲ. ತಂಡಕ್ಕೆ ನಾಲ್ಕನೇ ಸ್ಥಾನ ಬಂತು.

ಗೋಪೀನಾಥರು ಮೆಟ್ಟಿಲಿಳಿದು ಓಡಿಬಂದರು. ಕರವಸ್ತ್ರ ತೆಗೆದು ಗಾಯ ಒತ್ತಿ ಹಿಡಿದರು.

“ಸ್ಟಿಚ್ ಬೇಡ. ಆದ್ರೂ ನೋಡು, ಹೆಂಗಾಯ್ತು. ನೀನೇ ಯೋಚ್ನೆ ಮಾಡು ಪುಟ್ಟಾ, ಮುಂದಿನ ವರ್ಷಕ್ಕೆ…”

“ಅಪ್ಪಾ” ಎಂದ ಹೃಷಿಕೇಶ. ಮನೆಯಲ್ಲಿ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗ, ಅಮ್ಮನಿಗೂ ಪಕ್ಕದವರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದ: “ಇದು ಜಿಮ್ನಾಸ್ಟಿಕ್ಸ್ ಅಲ್ಲ. ನಾನು ಚಿಯರ್‌ಲೀಡರ್. ನಿಂಗೆ ಬೇಡ ಅಂದ್ರೆ ಬಾಯ್ಬಿಟ್ಟು ಬೇಡ ಅನ್ನು. ತಲೆ ಬೋಳಿಸ್ಬೇಡ.”

ಗೋಪೀನಾಥರು ಹೆಂಡತಿಯತ್ತ ನೋಡಿದರು. ಅರುಂಧತಿ ಸಹಾಯಕ್ಕೆ ಬರಲಿಲ್ಲ. ಕರವಸ್ತ್ರ ಒದ್ದೆಯಾಗುತ್ತಿತ್ತು.

“ನಂಗೆ ಇದು ಇಷ್ಟ ಇಲ್ಲ ಕಣೋ” ಎಂದರು ಕೊನೆಗೆ. “ನಾಚ್ಕೆ ಆಗತ್ತೆ ನಂಗೆ. ಬೇಡ.”

ಹದಿಮೂರು ವರ್ಷದಲ್ಲಿ ಅಪ್ಪ ಅವನಿಗೆ ಹೇಳಿದ ಮೊದಲ ನಿಜವಾದ ಮಾತು ಅದು. ನೋವಾಯಿತು, ಆದರೂ ಎದೆ ಹಗುರಾಯಿತು. ಹೃಷಿಕೇಶ ಅಪ್ಪನ ಕೈಯಿಂದ ಕರವಸ್ತ್ರ ತೆಗೆದುಕೊಂಡು ತಾನೇ ಗಾಯಕ್ಕೆ ಒತ್ತಿಕೊಂಡ.

“ಸರಿ. ನಾನು ಬಿಡಲ್ಲ” ಎಂದ. ಡಾನಾ ಫೋಟೋಗೆ ಕೂಗುತ್ತಿದ್ದಳು. ಅವನು ಅತ್ತ ನಡೆದ.