ಬಾಣಂತಿ ಕೋಣೆಯ ಬೆಳಕಿಂಡಿ ಹುಡುಕಿ ಕಮಲಾಪುರಕ್ಕೆ

ಮಿರಗದ, ಎಂದರೆ ಮೃಗಶಿರಾದ, ಮೊದಲ ಮಳೆ ಬಿದ್ದು ನಾಲ್ಕಾರು ದಿನವಾಗಿತ್ತು. ಬಿಸಿಲೇರುವ ಮುಂಚೆಯೇ ಕಲಬುರ್ಗಿಯ ಗಾಜಿಪುರದ ನಮ್ಮ ಮನೆಯಿಂದ ಖಾಸಿಮ್ ಸಾಬನ ಬಂಡಿಯಲ್ಲಿ ಕಮಲಾಪುರಕ್ಕೆ ಹೊರಟೆ. ಚಾಪೆಯ ಕಮಾನು ಹೊದ್ದ ಸಣ್ಣ ಬಂಡಿ, ಒಳ್ಳೆಯ ಎತ್ತುಗಳು. ಹೋಗಿಬರುವುದಕ್ಕೆ ಮೇವೂ ಸೇರಿ ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ ಮೂರು ರೂಪಾಯಿ ಎಂದು ಮಾತಾಗಿತ್ತು. ದಾರಿ ಸುಮಾರು ಇಪ್ಪತ್ನಾಲ್ಕು ಮೈಲಿ.

ಮಳೆ ಬಿದ್ದರೆ ತಂಪಾಗುತ್ತದೆ ಎನ್ನುವವರು ಕಲಬುರ್ಗಿಯ ಮಿರಗವನ್ನು ಕಂಡಿರಲಾರರು. ಬೇಸಿಗೆಯ ಬಿಸಿಲು ಮೈ ಸುಡುತ್ತದೆ, ಆದರೆ ಬೆವರು ಹುಟ್ಟಿದಲ್ಲೇ ಒಣಗಿಹೋಗುತ್ತದೆ. ಈ ದಿನಗಳಲ್ಲಿ ನೆಲದಿಂದ ಹಬೆ ಏಳುತ್ತದೆ, ಗಾಳಿ ನಿಂತುಬಿಡುತ್ತದೆ, ಬೆವರು ಒಣಗದೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ನನ್ನ ಪ್ರಯಾಣಕ್ಕೆ ಈ ಕುದಿಯೇ ಕಾರಣ.

ತಂಗಿ ನೀಲಮ್ಮ ಆಷಾಢದಲ್ಲಿ ಹೆರಿಗೆಗೆಂದು ತವರಿಗೆ ಬರುವವಳಿದ್ದಳು. ಇದು ಎರಡನೆಯ ಬಾಣಂತನ. ಮೊದಲನೆಯದು ಶಹಾಬಾದಿನಲ್ಲಿ, ಅವಳ ಗಂಡನ ಮನೆಯ ತಗಡಿನ ಕೋಣೆಯಲ್ಲಿ, ಇಂಥದೇ ದಿನಗಳಲ್ಲಿ ಆಗಿತ್ತು. ಬಾಣಂತಿಗೆ ಗಾಳಿ ಬಡಿಯಬಾರದೆಂದು ಬಾಗಿಲು ಮುಚ್ಚಿದ್ದರು, ಕಿವಿಗೆ ಬಟ್ಟೆ ಕಟ್ಟಿದ್ದರು. ಮೇಲೆ ಕಾದ ತಗಡು, ಕೆಳಗೆ ಕೆಂಡ. ಜ್ವರ ತಲೆಗೇರಿ ಅವಳಿಗೆ ಮೈಮೇಲೆ ಎಚ್ಚರವೇ ತಪ್ಪಿಹೋಗಿತ್ತು. ಉಳಿದದ್ದೇ ದೊಡ್ಡದು.

ಈ ಸಲ ಅಪ್ಪ ಹಿತ್ತಲಲ್ಲಿ ಹೊಸ ಕೋಣೆ ಎಬ್ಬಿಸಿದ್ದರು. ಗೋಡೆ ಮುಗಿದಿತ್ತು. ಗಂಜ್ ಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡುವ ಅವರಿಗೆ ಎಲ್ಲರ ಗೋದಾಮಿನ ಮೇಲೆ ಹೊಳೆಯುತ್ತಿದ್ದ ತಗಡು ಮೆಚ್ಚಿಕೆಯಾಗಿ, ರೈಲಿನಲ್ಲಿ ತರಿಸಿಯೂ ಇಟ್ಟಿದ್ದರು. ತಗಡು ಬೇಡವೆಂದೆ. ಹಾಗಾದರೆ ಏನು ಹಾಕಬೇಕೆಂದು ಕೇಳಿದರು. ಆಗ ನಾನು ಕಮಲಾಪುರದ ಸೋದರಮಾವನ ಮನೆಯ ಕೋಣೆಯ ಮಾತು ತೆಗೆದೆ. ನೀಲಮ್ಮ ಹುಟ್ಟಿದ್ದು ಅಲ್ಲಿ. ನನಗೆ ಆಗ ಐದು ವರ್ಷ. ಅವ್ವನ ಹೊರಸಿನ ಪಕ್ಕದ ನೆಲದಲ್ಲಿ ಮಲಗಿದ್ದೆ, ಮಾಳಿಗೆಯ ಚಾವಣಿಯಲ್ಲಿ ಒಂದು ಬೆಳಕಿನ ಕಿಂಡಿ ಇತ್ತು, ಲೋಬಾನದ ಹೊಗೆ ಹಗ್ಗದಂತೆ ನೆಟ್ಟಗೆ ಅದರತ್ತ ಏರುತ್ತಿತ್ತು, ಮೈ ತಣ್ಣಗಿತ್ತು. ಇಷ್ಟು ನನ್ನ ನೆನಪು.

ಅವ್ವ ಒಪ್ಪಲಿಲ್ಲ. ಅಲ್ಲಿ ಕಿಂಡಿಯೂ ಇರಲಿಲ್ಲ, ಬೆಳಕೂ ಇರಲಿಲ್ಲ, ಗಡಿಗೆಯೊಳಗೆ ಕೂತಂತೆ ಕತ್ತಲಿತ್ತು ಎಂದಳು. "ನೀ ಸಾಲಿ ಭಾಳ ಕಲ್ತಿ. ಕನಸ ಯಾವ್ದು, ಖರೇ ಯಾವ್ದು ಅನ್ನೂದು ಮರ್ತಿ."

ಪುಣೆಯಲ್ಲಿ ಬಿ.ಎ. ಓದುವಾಗ ಎಲ್ಲರ ಮಾತನ್ನೂ ಸಂಶಯಿಸುವುದನ್ನು ಕಲಿತಿದ್ದೆ. ಊರಿಗೆ ಬಂದ ಮೇಲೆ ಆ ಸಂಶಯ ನನ್ನ ಕಡೆಗೇ ತಿರುಗಿತ್ತು. ಐದು ವರ್ಷದ ಹುಡುಗನ ಸಾಕ್ಷಿಯನ್ನು ಯಾವ ಕಚೇರಿಯೂ ಒಪ್ಪುವುದಿಲ್ಲ. ಅದನ್ನು ನಂಬಿ ತಂಗಿಯ ಜೀವದ ಮೇಲೆ ಮಾಳಿಗೆ ಹೊದಿಸುವುದು ಹೇಗೆ? ಇತ್ತ ಅವ್ವನ ಕಟ್ಟಳೆಯೂ ಸಡಿಲವಾಗುವಂಥದಲ್ಲ. ಗೋಡೆಗೆ ಕಿಟಕಿ ಇಟ್ಟರೆ ಮಗಳನ್ನು ಆ ಕೋಣೆಗೆ ಬಿಡೆ ಎಂದಿದ್ದಳು. ಗಾಳಿ ಬಾಣಂತಿಗೆ ಬಡಿಯಬಾರದು, ಕೋಣೆಯಲ್ಲಿ ನಿಲ್ಲಲೂ ಬಾರದು. ಅಂಥ ಕೋಣೆ ಇದ್ದದ್ದೇ ನಿಜವಾದರೆ ಕಣ್ಣಾರೆ ನೋಡಬೇಕಿತ್ತು. ಅಪ್ಪ ಸೋಮವಾರದವರೆಗೆ ತಾಳುವುದಾಗಿ ಹೇಳಿದರು. ಅಂದು ಗೌಂಡಿ ಬಂದು ತಗಡು ಹೊದಿಸುವುದು ಖಾತ್ರಿಯಾಗಿತ್ತು.

ಊರು ದಾಟಿದ ಮೇಲೆ ಎರಡೂ ಕಡೆ ಕರಿಮಣ್ಣಿನ ಹೊಲ. ಗಾಲಿಗೆ ಮೆತ್ತಿದ ಎರೆಮಣ್ಣನ್ನು ಖಾಸಿಮ್ ಸಾಬ ಕೋಲಿನಿಂದ ಕೆರೆಯುತ್ತ ನಡೆದ. ಮಧ್ಯಾಹ್ನ ಮಹಾಗಾಂವದ ಬೇವಿನ ಮರದ ಕೆಳಗೆ ಎತ್ತು ಬಿಟ್ಟು, ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದೆವು. ಕಮಲಾಪುರದಲ್ಲಿ ಏನು ಕೆಲಸವೆಂದು ಅವನು ಕೇಳಿದ. ಮಾವನ ಮನೆಯ ಮಾಳಿಗೆಯಲ್ಲಿ ಒಂದು ತೂತು ಇದೆಯೋ ಇಲ್ಲವೋ ನೋಡುವುದಿದೆ ಎಂದೆ. ಖಾಸಿಮ್ ಸಾಬ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದ.

"ತೂತ ನೋಡ್ಲಾಕ ಇಷ್ಟು ದೂರ ಹೊಂಟೀರಿ ಸಾಹೇಬ್ರ? ನಮ್ಮನಿ ಮ್ಯಾಲ ಭಾಳ ಅವ. ಪುಕ್ಕಟ ತೋರಿಸ್ತಿದ್ದೆ."

ಮಹಾಗಾಂವ ಬಿಟ್ಟು ಮುಂದೆ ಹೋದಂತೆ ಮಣ್ಣು ಕರಿ ಬಿಟ್ಟು ಕೆಂಪಾಯಿತು. ದೀಪ ಹಚ್ಚುವ ಹೊತ್ತಿಗೆ ಕಮಲಾಪುರ ಸೇರಿದೆವು. ಊರ ಅಂಚಿನ ಬಾಳೆಯ ತೋಟಗಳಲ್ಲಿ ಕಾಲುವೆಗೆ ನೀರು ಬಿಟ್ಟಿದ್ದರು. ಅಲ್ಲಿಯ ಗಾಳಿ ಕಲಬುರ್ಗಿಗಿಂತ ಇನ್ನೂ ಒದ್ದೆಯಾಗಿತ್ತು. ಕೆಂಪು ಬಾಳೆಯ ಗೊನೆಗಳು ಮಾವನ ಪಡಸಾಲೆಯಲ್ಲಿ ಸಾಲಾಗಿ ಒರಗಿದ್ದವು.

ಬಂದ ಕಾರಣ ಹೇಳಿ, ಮಾಳಿಗೆಯಲ್ಲಿ ಕಿಂಡಿ ಇದೆಯೇ ಎಂದು ಕೇಳಿದಾಗ ಮಾವ ಶರಣಪ್ಪ ಇಲ್ಲವೆಂದು ನಕ್ಕರು. ಅತ್ತೆ ಗುರಮ್ಮ ನಗಲಿಲ್ಲ. ಅವರಿಗೆ ಮದುವೆಗೆ ಬಂದ ಮಗಳಿದ್ದಾಳೆ, ಸೋದರಳಿಯ ನಾನಿದ್ದೇನೆ. "ನನ್ನ ಮಗಳನ್ನ ನೋಡ್ಲಾಕ ಬಂದಾನಂತ ಹೂರಣ ರುಬ್ಬೀನಿ. ಈ ಅಳಿಯ ನೋಡಿದ್ರ ಗ್ವಾಡಿ ನೋಡ್ಲಾಕ ಬಂದಾನ," ಎಂದು ಒಳಗೆ ಹೋದರು. ಹೂರಣದ ಹೋಳಿಗೆಯನ್ನೇನೋ ಬಡಿಸಿದರು.

ಆ ಕೋಣೆಯನ್ನು ಈಗ ಬಾಳೆ ಹಣ್ಣು ಮಾಡಲು ಬಳಸುತ್ತಿದ್ದರು. ಕಾಯಿ ಒಟ್ಟಿ, ಎಲೆ ಮುಚ್ಚಿ, ಸಗಣಿ ಕುಳ್ಳಿನ ಹೊಗೆ ಹಾಕಿ, ಬಾಗಿಲ ಸಂದಿಗೆ ಮಣ್ಣು ಮೆತ್ತಿ ಆಗಿತ್ತು. ಬೆಳಿಗ್ಗೆವರೆಗೆ ತೆಗೆಯುವಂತಿಲ್ಲ, ನಡುವೆ ತೆಗೆದರೆ ಮಾಲೆಲ್ಲ ಕೆಡುತ್ತದೆ ಎಂದರು ಮಾವ. ಅಂದು ಶುಕ್ರವಾರ, ಸೋಮವಾರಕ್ಕೆ ನಡುವೆ ಎರಡೇ ದಿನವಿತ್ತು. ಆ ಮಣ್ಣು ಮೆತ್ತಿದ ಬಾಗಿಲಿನ ಮುಂದೆಯೇ ಚಾಪೆ ಹಾಸಿ ಮಲಗಿದೆ.

ಬೆಳಿಗ್ಗೆ ಬಾಗಿಲು ತೆಗೆದಾಗ ಒಳಗಿನ ಉಸಿರು ನನ್ನ ಮುಖಕ್ಕೆ ಬಡಿಯಿತು. ಬಿಸಿ, ಒದ್ದೆ, ಸಿಹಿ ವಾಸನೆ. ಕನ್ನಡಕದ ಮೇಲೆ ಹಬೆ ಕೂತಿತು. ಒರೆಸಿಕೊಂಡು ತಲೆ ಎತ್ತಿದೆ. ಮಸಿ ಹಿಡಿದ ತೊಲೆ, ಮಸಿ ಹಿಡಿದ ಹಲಗೆ, ಎಲ್ಲೂ ಒಂದು ಸೂಜಿಯಷ್ಟು ಬೆಳಕಿಲ್ಲ. ಅವ್ವ ಹೇಳಿದ ಗಡಿಗೆಯೇ ಇದು. ಇಲ್ಲಿ ಬಾಣಂತಿಯನ್ನು ಇಡುವುದೂ ತಗಡಿನ ಕೆಳಗೆ ಇಡುವುದೂ ಒಂದೇ. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ನೆನಪನ್ನು ಕನಸಿನಿಂದ ಕಟ್ಟಿಕೊಂಡಿದ್ದೆ ಎಂಬ ಅವಮಾನಕ್ಕಿಂತ ನೀಲಮ್ಮನ ಮುಖವೇ ಹೆಚ್ಚು ಕಾಡಿತು. ಬಂಡಿ ಹೂಡಲು ಖಾಸಿಮ್ ಸಾಬನಿಗೆ ಹೇಳಿದೆ.

ಹಣ್ಣು ಹೊರಗೆ ಸಾಗುತ್ತಿತ್ತು. ಅತ್ತೆ ಕಸ ಗುಡಿಸುತ್ತ ಮಾವನನ್ನು ಬೈಯುತ್ತಿದ್ದರು. ಮಳೆ ಹೊಡೆದು ಮೇಲಿನ ಮಣ್ಣು ಬಿರಿದಿದೆ, ಮುಂದಿನ ಮಾಲಿಗೆ ಮುಂಚೆ ಮತ್ತೆ ಬುಟ್ಟಿ ಹೊತ್ತು ಮಾಳಿಗೆ ಹತ್ತಬೇಕು, ಮೊಣಕಾಲು ನೋಯುತ್ತದೆ ಎಂಬುದು ಅವರ ತಕರಾರು. ಕೋಣೆಯಲ್ಲಿ ಹೊಗೆ ನಿಲ್ಲಬೇಕಾದರೆ ಮೆತ್ತಲೇಬೇಕಲ್ಲ ಎಂದರು ಮಾವ.

ಎಲ್ಲಿ ಮೆತ್ತುವುದು ಎಂದು ಕೇಳಿದೆ. ಇಬ್ಬರೂ ನನ್ನ ಕಡೆ ತಿರುಗಿದರು.

"ಮ್ಯಾಲಿನ ಬೆಳಕಿಂಡಿ ಮ್ಯಾಲ," ಎಂದರು ಮಾವ. "ಬಾಳಿ ಹಾಕ್ಲಾಕ ಸುರು ಮಾಡಿದಾಗಿಂದ ಫರಸಿ ಮುಚ್ಚೀನಿ. ನೀ ಕೇಳಿದ್ದು ಈಗ ಅದ ಏನಂತ. ಈಗ ಎಲ್ಲಿ ಅದ?"

ನಿಚ್ಚಣಿಕೆ ಹತ್ತಿದೆ. ಮಾಳಿಗೆಯ ನಡುವೆ ಮಣ್ಣಿನ ಸಣ್ಣ ದಿಬ್ಬ. ಕೆರೆದಾಗ ಶಹಾಬಾದಿ ಫರಸಿಯ ಕಲ್ಲುಚಪ್ಪಡಿ ಸಿಕ್ಕಿತು. ಮಾವ ಕೆಳಗಿನಿಂದ ಬೇಡ ಬೇಡ ಎನ್ನುತ್ತಿದ್ದರು, ಹಣ್ಣು ತೆಗೆದಾಗಿದೆಯಲ್ಲ ಎಂದು ಅತ್ತೆಯೇ ಅವರ ಬಾಯಿ ಮುಚ್ಚಿಸಿದರು. ಫರಸಿ ಸರಿಸಿದಾಗ ಕೋಣೆಯ ನೆಲದ ಮೇಲೆ ಬೆಳಕಿನ ಒಂದು ಚೌಕ ಬಿತ್ತು. ಮೇಲೆ ಹೋಗುವ ಗಾಳಿಗೆ ಕೆಳಗೂ ದಾರಿ ಇರಬೇಕೆಂದು ಇಳಿದು ಬಂದು ಬಾವಿಯ ಕಡೆಯ ಗೋಡೆ ತಡವಿದೆ. ಮೊಣಕಾಲೆತ್ತರದಲ್ಲಿ ಇನ್ನೊಂದು ಕಿಂಡಿ, ಬಾಳೆಯ ಒಣಸಿಪ್ಪೆ ತುರುಕಿ ಮುಚ್ಚಿತ್ತು. ಅದರ ಎದುರಿಗೆ, ಒಂದು ಮೊಳ ಬಿಟ್ಟು, ಎದೆಯುದ್ದದ ಅಡ್ಡಗೋಡೆ. ಸಿಪ್ಪೆ ಕಿತ್ತೆ.

ಅತ್ತೆ ಕೇಳದೆಯೇ ಕೆಂಡದ ಮೇಲೆ ಲೋಬಾನ ಉದುರಿಸಿ ಅಡ್ಡಗೋಡೆಯ ಒಳಮಗ್ಗುಲಿಗೆ, ಹಿಂದೆ ಹೊರಸು ಇರುತ್ತಿದ್ದ ಜಾಗದ ಪಕ್ಕಕ್ಕೆ ಇಟ್ಟರು. ಹೊಗೆ ಸ್ವಲ್ಪ ತೂಗಾಡಿತು, ಆಮೇಲೆ ನೆಟ್ಟಗಾಗಿ ಏರಿತು. ಕೆಳಗಿನಿಂದ ಬಂದ ಗಾಳಿ ಅಡ್ಡಗೋಡೆಗೆ ತಾಗಿ ಮೇಲೆದ್ದು, ಕೋಣೆಯ ಕಾವನ್ನು ಎತ್ತಿಕೊಂಡು ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಹೊರಸಿನ ಜಾಗದಲ್ಲಿ ದೀಪ ಹಿಡಿದರೆ ಕುಡಿ ಅಲುಗಲಿಲ್ಲ. ಆದರೂ ನನಗೆ ನಂಬಿಕೆ ಸಾಲಲಿಲ್ಲ. ಮತ್ತೆ ಮೇಲೆ ಹತ್ತಿ ಫರಸಿ ಮುಚ್ಚಿದೆ, ಕೆಳಗೆ ಕೂತು ಬೆವರಿದೆ. ಮತ್ತೆ ತೆರೆದೆ, ಕೂತೆ. ಮಧ್ಯಾಹ್ನದ ಹೊತ್ತಿಗೆ ಹೊರಗೆ ಎಮ್ಮೆಗಳು ಬಾಯಿ ತೆರೆದು ನಿಂತಿದ್ದವು, ಒಳಗೆ ನನ್ನ ಅಂಗಿ ಬೆನ್ನು ಬಿಟ್ಟಿತ್ತು.

ಹಾಗಾದರೆ ಅವ್ವ ಯಾಕೆ ಕಾಣಲಿಲ್ಲ? ಇದಕ್ಕೆ ಅತ್ತೆ ನಕ್ಕರು. "ಆಕಿಗೆ ಹ್ಯಾಂಗ ಕಾಣಬೇಕೋ? ಖೋಲಿ ಆಕಿ ಬಾಣಂತನಕ್ಕಂತನೇ ಹೊಸದಾಗಿ ಕಟ್ಟಿದ್ದು. ಹೊರಸಿನ ಮ್ಯಾಲ ಕಂಬಳಿ ಗುಡಾರ ಕಟ್ಟಿದ್ವಿ. ಕಣ್ಣ ತನಾ ಬಟ್ಟಿ ಸುತ್ತಿದ್ವಿ. ನೀ ನೆಲದ ಮ್ಯಾಲ ಬಿದ್ದಿದ್ದಿ, ಮಾಳಗಿ ನೋಡ್ಕೋತ. ಎಷ್ಟು ಕೂಗಿದ್ರೂ ಏಳ್ತಿದ್ದಿಲ್ಲ."

ಇಬ್ಬರ ನೆನಪೂ ಸರಿಯಾಗಿತ್ತು. ಬಹಳ ದಿನಗಳ ಮೇಲೆ ಎದೆ ಹಗುರವಾಗಿ ಮಾವನ ಜೊತೆ ಬಾಳೆಹಣ್ಣು ತಿಂದೆ. ಕಿಂಡಿಗಳ ಎತ್ತರವನ್ನೂ ಅಡ್ಡಗೋಡೆಯ ಅಳತೆಯನ್ನೂ ಬಾಳೆನಾರಿನ ಹಗ್ಗದಲ್ಲಿ ಗಂಟು ಹಾಕಿಕೊಂಡೆ. ಮರುದಿನ ಹೊರಡುವಾಗ ಮಾವ ಎರಡು ಗೊನೆ ಬಂಡಿಗೆ ಏರಿಸಿದರು. ಅತ್ತೆ ಮಗಳನ್ನು ಹೊಸ್ತಿಲಿಗೆ ಕರೆದು ನಿಲ್ಲಿಸಿದ್ದರು, ಈ ಸಲ ನಾನು ಗೋಡೆಯ ಕಡೆ ನೋಡಲಿಲ್ಲ. ಖಾಸಿಮ್ ಸಾಬ ತೂತು ಸಿಕ್ಕಿತೇ ಎಂದು ಕೇಳಿದ. ಸಿಕ್ಕಿತು ಎಂದೆ. ಮುಬಾರಕ್ ಎಂದ.

ಸೋಮವಾರ ಗೌಂಡಿ ತಗಡಿನ ಬದಲು ತೊಲೆ, ಫರಸಿ, ಮೇಲೆ ದಪ್ಪ ಮಣ್ಣು ಹಾಕಲು ಸುರುಮಾಡಿದ. ಹಗ್ಗದ ಗಂಟಿನ ಅಳತೆಗೆ ಕೆಳಗಿನ ಕಿಂಡಿ ಕೊರೆದು ಎದುರಿಗೆ ಅಡ್ಡಗೋಡೆ ಎಬ್ಬಿಸಿದ, ಗಾಳಿ ನೇರ ಬಡಿಯದೆಂದು ಅವ್ವ ಒಪ್ಪಿದಳು. ಅಪ್ಪನ ಮುಖ ಬಾಡಬಾರದೆಂದು ಒಂದು ತಗಡನ್ನು ಮಾತ್ರ ಬೆಳಕಿಂಡಿಯ ಮೇಲೆ ನಾಲ್ಕು ಕಲ್ಲಿನ ಮೇಲೆ ಎತ್ತಿ ಕೂರಿಸಿದೆವು, ಮಳೆ ಒಳಗೆ ಬಾರದಂತೆ. ಬಂದವರಿಗೆಲ್ಲ ಅವರು ಅದನ್ನೇ ತೋರಿಸುತ್ತಾರೆ.

ಆಷಾಢದಲ್ಲಿ ನೀಲಮ್ಮನಿಗೆ ಗಂಡುಮಗುವಾಯಿತು. ಅಂದು ಮಳೆ ನಿಂತು ಊರೆಲ್ಲ ಕುದಿಯುತ್ತಿತ್ತು. ಬಾಣಂತಿ ಕೋಣೆಗೆ ಗಂಡಸರು ಹೋಗುವಂತಿಲ್ಲ. ಬಾಗಿಲಲ್ಲಿ ನಿಂತು, ಹೇಗಿದ್ದಾಳೆ, ಬೆವರುತ್ತಿದ್ದಾಳೆಯೇ ಎಂದು ಪದೇ ಪದೇ ಕೇಳಿದೆ. ಅವ್ವ ಕಂಬಳಿ ಸರಿಸಿ, ಮಲಗಿದ್ದ ಮಗಳ ಹಣೆಯನ್ನೂ ಕೊರಳನ್ನೂ ಸೆರಗಿನಿಂದ ಒರೆಸಿ, ಹೊರಗೆ ಬಂದು ಆ ಸೆರಗಿನ ತುದಿಯನ್ನು ನನ್ನ ಕೈಗಿತ್ತಳು.

"ಮುಟ್ಟಿ ನೋಡು. ನಿನಗ ಹೇಳಿದ್ರ ನಂಬಿಕಿ ಬರಂಗಿಲ್ಲ."

ಸೆರಗು ಒಣಗಿತ್ತು.