ಗಿಡುಗಕ್ಕೆ ಹಾಕಿದ ಗಾಳದ ಕೋಳಿ

ಆ ದಿನಗಳಲ್ಲಿ ಅಬುಧಾಬಿಯ ಚಳಿ ಮುಗಿದು, ಸೆಕೆ ಇನ್ನೂ ಮೈಗೆ ಹತ್ತದ ಕೆಲವು ವಾರಗಳಿದ್ದವಲ್ಲ, ಅದೇ ನಮ್ಮ ಹಬ್ಬ. ಶಾಲೆಗೆ ರಜೆ. ಕುಂದಾಪುರ ಕಡೆಯ ನಮ್ಮ ಅಪ್ಪಯ್ಯ ಒಂದು ಅರಬರ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಅಮ್ಮ ಅದೇ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕಾಂಪೌಂಡಿನ ಹಿಂದಿನ ಒಂದೇ ಕೋಣೆಯಲ್ಲಿ ಅವರಿಬ್ಬರು, ನಾನು, ತಮ್ಮ ಸಂತು.

ಮನೆಯ ಯಜಮಾನರನ್ನು ಎಲ್ಲರೂ ಅರಬಾಬ್ ಎನ್ನುತ್ತಿದ್ದರು. ಸೆಕೆ ಏರಿ ಗಿಡುಗಗಳು ಗರಿ ಉದುರಿಸುವ ಮೊದಲು ಅವರು ಗೆಳೆಯರ ಜೊತೆ ಪಶ್ಚಿಮದ ಕಡಲತೀರದಲ್ಲಿ ಡೇರೆ ಹಾಕುತ್ತಿದ್ದರು. ಬೇಟೆ ಎಂದು ಹೆಸರು, ಅಷ್ಟೇ. ಗಿಡುಗವನ್ನು ಮೇಲೆ ಹಾರಿಸಿ, ದಾರಕ್ಕೆ ಕಟ್ಟಿದ ಗರಿಗಳ ಗೊಂಚಲನ್ನು ಬೀಸಿ, ಅದು ಎರಗಿದ ಕೂಡಲೇ ಮಾಂಸ ಕೊಡುವ ಆಟ. ಅಡುಗೆಗೆ ಅಪ್ಪಯ್ಯ ಹೋಗಲೇಬೇಕು. ಒಂದು ವರ್ಷ ಅರಬಾಬ್ ನಮ್ಮಿಬ್ಬರನ್ನೂ ಕಂಡು "ಯಲ್ಲಾ, ಇವರೂ ಬರಲಿ" ಎಂದುಬಿಟ್ಟರು.

ಬೆಳಿಗ್ಗೆ ಅವರೆಲ್ಲ ಗಿಡುಗಗಳೊಂದಿಗೆ ಹೊರಟರೆ ಅಪ್ಪಯ್ಯ ಮೀನುಗಾರರ ಮಗನಾಗುತ್ತಿದ್ದರು. ಲುಂಗಿ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತು ಗಾಳ ಎಸೆಯುತ್ತಿದ್ದರು. ಗಾಳಕ್ಕೆ ಅಡುಗೆಯಲ್ಲಿ ಉಳಿದ ಕೋಳಿಯ ಚೂರು. ಅದನ್ನು ಕತ್ತರಿಸುವುದು ಸಂತುವಿನ ಕೆಲಸ. ನನಗೆ ಅದರ ವಾಸನೆ ಆಗುತ್ತಿರಲಿಲ್ಲ. ಅವನಿಗೋ ಮೀನಿನ ಹುಚ್ಚು.

"ಅಕ್ಕ, ಕಚ್ಚಿತ್! ಲುಕ್, ಲುಕ್!"

"ಬೊಬ್ಬೆ ಹೊಡಿಬ್ಯಾಡ ಮಾಣಿ, ಮೀನಿಗೂ ಕೆಮಿ ಇತ್ತ್" ಎಂದು ಒಂದು ಬೆಳಿಗ್ಗೆ ಅಪ್ಪಯ್ಯ ನಕ್ಕರು. "ನಾಳೆ ಗಾಳ ನಿನ್ ಕೈಗೇ ಕೊಡ್ತೆ, ಕಾಂಬ."

ಸಿಕ್ಕ ಶೇರಿ ಮೀನಿಗೆ ಊರಿನ ಮಸಾಲೆ ಹಚ್ಚಿ ಕಾವಲಿಗೆ ಹಾಕಿದರೆ ಅರಬರೂ ಡೇರೆಯಿಂದ ಎದ್ದು ಬರುತ್ತಿದ್ದರು.

ಅಂದು ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ್ದರು. ಅರಬಾಬ್‌ರ ಮೆಚ್ಚಿನ ಗಿಡುಗ ಕಣ್ಣಿಗೆ ಚರ್ಮದ ಟೊಪ್ಪಿ ಹಾಕಿಸಿಕೊಂಡು ಗೂಟದ ಮೇಲೆ ಕೂತು ಕಿರುಚುತ್ತಿತ್ತು. ಊರಿನ ಕಡಲ ದಂಡೆಯಲ್ಲಿ ಅಜ್ಜಿ ಬುಟ್ಟಿ ಇಳಿಸಿದರೆ ಮೊದಲು ಹದ್ದು, ಬೆಕ್ಕುಗಳಿಗೆ ಒಂದಿಷ್ಟು ಎಸೆದೇ ಮೀನು ಆರಿಸುತ್ತಿದ್ದದ್ದು. ನಾವೆಲ್ಲ ಹೊಟ್ಟೆ ಬಿರಿಯುವಷ್ಟು ಉಂಡಿದ್ದೇವೆ, ಇದೊಂದಕ್ಕೇ ಯಾಕಿಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಗಾಳದ ಡಬ್ಬಿಯಿಂದ ಕೋಳಿಚೂರು ತಂದು ಕೊಕ್ಕಿಗೆ ಮುಟ್ಟಿಸಿದೆ. ಗಬಕ್ಕನೆ ನುಂಗಿತು. ಇನ್ನೊಂದು ಕೊಟ್ಟೆ. ಕಿರುಚಾಟ ನಿಲ್ಲುವವರೆಗೂ ಕೊಟ್ಟೆ.

ಸಂಜೆ ಹಾರಿಸಿದಾಗ ಅದು ಗರಿಯ ಗೊಂಚಲಿನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸುತ್ತು ಹೊಡೆದು ಉಪ್ಪುನೀರಿನ ಕಾಂಡ್ಲಾ ಗಿಡಗಳಾಚೆ ಮಾಯವಾಯಿತು. ಗಿಡುಗಗಳನ್ನು ಸಾಕುವ ಖಾನ್ ಚಾಚಾ ಗೂಟದ ಬುಡದಲ್ಲಿ ಬಿದ್ದ ಒಂದು ಚೂರನ್ನು ಹೆಕ್ಕಿ, "ಭೂಕಾ ರಹೇಗಾ ತಭೀ ವಾಪಸ್ ಆಯೇಗಾ" ಎಂದು ತಲೆ ಮೇಲೆ ಕೈಹೊತ್ತ. ಹಸಿದಿದ್ದರೆ ಮಾತ್ರ ಅದು ಮರಳುವುದಂತೆ. ನನಗೇನು ಗೊತ್ತಿತ್ತು?

ಅರಬಾಬ್ ಖಾಲಿ ಗೂಟವನ್ನೇ ನೋಡುತ್ತ ನಿಂತರು. ಅದೇ ಹೆಚ್ಚು ಹೆದರಿಕೆ. ಅಪ್ಪಯ್ಯನ ಮುಖ ಬೂದಿಯಾಯಿತು. ಕೆಲಸ ಹೋದರೆ ಆ ಕೋಣೆಯೂ ಇಲ್ಲ, ವೀಸಾವೂ ಇಲ್ಲ.

"ಯಾರ್ ಹಾಕದ್? ಹೇಳಿನಿ!"

ನಾನು ಸಂತುವಿನ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಕೋಳಿಯ ರಕ್ತ ಒಣಗಿತ್ತು. ನಾನು ನೋಡಿದ್ದನ್ನು ಅಪ್ಪಯ್ಯನೂ ನೋಡಿದರು. ಎಲ್ಲರೆದುರು ಅವನ ಕಪಾಳಕ್ಕೆ ಬಿತ್ತು. ಸಂತು ಒಮ್ಮೆ ನನ್ನ ಕಡೆ ತಿರುಗಿದ. ಆಮೇಲೆ "ಸಾರಿ, ಅಪ್ಪಯ್ಯ" ಎಂದ.

ಮರುದಿನ ಬೆಳಿಗ್ಗೆ ಹಸಿವಾಗಿತ್ತೋ ಏನೋ, ಖಾನ್ ಚಾಚಾನ ಕೂಗಿಗೆ ಗಿಡುಗ ಕೆಳಗಿಳಿಯಿತು. ಆತ ಅದನ್ನು ಕೈಮೇಲೆ ಕೂರಿಸಿಕೊಂಡು ಬಂದದ್ದು ನೆನೆದರೆ ಈಗಲೂ ಕೈಮುಗಿಯಬೇಕೆನಿಸುತ್ತದೆ. ಅರಬಾಬ್ ಅಪ್ಪಯ್ಯನ ಭುಜ ತಟ್ಟಿ "ಖಲಾಸ್", ಆದದ್ದು ಮುಗಿಯಿತು, ಎಂದರು. ಆ ಒಂದು ಮಾತಿನಿಂದ ನಮ್ಮ ಅನ್ನ ಉಳಿಯಿತು. ಆದರೆ ಹುಡುಗ ಇನ್ನು ಬರುವುದು ಬೇಡ ಎಂದೂ ಹೇಳಿದರು.

ಮುಂದಿನ ವರ್ಷ ನಾನೊಬ್ಬಳೇ ಹೋದೆ. ಅದರ ಮುಂದಿನ ವರ್ಷವೂ. ಹೋಗುವುದಿಲ್ಲ ಎನ್ನಬಹುದಿತ್ತು, ಎನ್ನಲಿಲ್ಲ. ಸಂತುವಿಗೆ ಕೊಡುತ್ತೇನೆಂದಿದ್ದ ಗಾಳವನ್ನು ಅಪ್ಪಯ್ಯ ನನ್ನ ಕೈಗೆ ಕೊಟ್ಟರು. ಹಿಂದೆ ನಿಂತು, ನನ್ನ ಕೈಮೇಲೆ ಕೈಯಿಟ್ಟು, ಕೊಕ್ಕೆಗೆ ಗಂಟು ಹೇಗೆ, ಮೀನು ಮುಟ್ಟುವುದು ಯಾವುದು, ಕಚ್ಚುವುದು ಯಾವುದು ಎಂದು ಕಲಿಸಿದರು. ಮರಳಿದಾಗ ಸಂತು ಬಾಗಿಲಲ್ಲೇ ಬಕೆಟ್ ಇಸಿದುಕೊಂಡು ಮೂಸುತ್ತಿದ್ದ. "ದೊಡ್ಡದ್ ಹ್ಯಾಂಗ್ ಎಳ್ದೆ? ಸರೀ ಹೇಳ್ ಅಕ್ಕ" ಎಂದು ನೆಲದ ಮೇಲೆ ಅಂಗಾತ ಮಲಗಿ, ಇಲ್ಲದ ದಾರವನ್ನು ಬೆರಳಲ್ಲಿ ಎಳೆಯುತ್ತ ಕೇಳುತ್ತಿದ್ದ. ನಾನು ಎಲ್ಲವನ್ನೂ ಹೇಳುತ್ತಿದ್ದೆ, ಅದೊಂದನ್ನು ಬಿಟ್ಟು.

ಅರಬಾಬ್ ಮುದುಕರಾದರು, ಗಿಡುಗಗಳು ಬೇರೆ ಕೈ ಸೇರಿದವು, ನಾವು ಊರಿಗೆ ಬಂದೆವು. ಹತ್ತನೇ ಕ್ಲಾಸಿಗೆ ನನ್ನ ಓದು ನಿಂತಿತು. ಅಪ್ಪಯ್ಯ ಈಗಿಲ್ಲ. ಸಂತು ದುಬೈಯಲ್ಲಿ ಕೆಲಸಕ್ಕೆ ಸೇರಿ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದಾನೆ. ಮೊನ್ನೆ ರಜೆಯ ದಿನ ವಿಡಿಯೋ ಕಾಲ್ ಮಾಡಿದ. ರೂಮಿನವರು ಗಾಳ ಹಾಕಲು ಕರೆದಿದ್ದಾರಂತೆ, ಕೊಕ್ಕೆಗೆ ಗಂಟು ಹಾಕುವುದು ಹೇಗೆಂದು ಕೇಳಿದ. ನಾನು ಹೊಲಿಗೆಯ ದಾರ ತಂದು, ಸೂಜಿಗೆ ಸುತ್ತಿ ತೋರಿಸುತ್ತಿದ್ದೆ. ಅಪ್ಪಯ್ಯ ಸುತ್ತುತ್ತಿದ್ದ ಹಾಗೆಯೇ ನನ್ನ ಬೆರಳು ಸುತ್ತುವುದು ಕಂಡು ಕೈ ನಿಂತಿತು.

"ಸಂತು, ಅವತ್ತ್ ಆ ಹಕ್ಕಿಗೆ ಕೋಳಿ ಹಾಕದ್ ನಾನ್ ಕಾಣ್."

ಅವನು ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ.

"ಗೊತ್ತಿತ್ತ್ ಅಕ್ಕ. ಗಂಟ್ ಇನ್ನೊಂದ್ಸಲ ತೋರ್ಸ್, ಅವ್ರ್ ಕೆಳಗ್ ಕಾಯ್ತಿದ್ರ್."

ನಿಧಾನವಾಗಿ ಮತ್ತೆ ತೋರಿಸಿದೆ. ಆ ಕಡಲಲ್ಲಿ ನಿಂತು, ಅಪ್ಪಯ್ಯನ ಬಿಸಿ ಕೈಯಿಂದ ಕಲಿಯಬೇಕಾಗಿದ್ದ ಗಂಟನ್ನು ನನ್ನ ತಮ್ಮ ಫೋನಿನ ಗಾಜಿಗೆ ಮುಖ ಹತ್ತಿರ ತಂದು ಕಲಿತ.